ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ಹಾಜರಿ ಕೂಗುವುದು ಮಾಸ್ತರಿಕೆಯ ಮೊದಲ ಕೆಲಸ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸ ಮಾಡಿಕೊಂಡು ಬಂದಿದ್ದೇನೆ. ಹೆಸರು ಕೂಗುತ್ತೇನೆ, ‘ಹಾಜರ್ ಸರ್’ ಎಂಬ ದನಿ ಬರುತ್ತದೆ, ಗೆರೆ ಎಳೆಯುತ್ತೇನೆ. ದನಿ ಬರದಿದ್ದರೆ ಸೊನ್ನೆ. ಇಷ್ಟು ಸರಳವಾದ ಕೆಲಸದೊಳಗೆ ಒಂದು ನೈತಿಕ ಪ್ರಶ್ನೆ ಕೂತಿದೆ ಎಂದು ನನಗೆ ತಿಳಿದದ್ದು 2020ರಲ್ಲಿ, ಶಾಲೆಗಳಿಗೆ ಬೀಗ ಬಿದ್ದ ಮೇಲೆ. ತಿಳಿಸಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ಮಾನ್ವಿ ತಾಲೂಕಿನ ಒಂದು ಊರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರು. ಅಲ್ಲಿನ ಸರಕಾರಿ ಹೈಸ್ಕೂಲಿನಲ್ಲಿ ನಾನು ಮಾಸ್ತರ. ಆ ವರ್ಷ ಫೋನಿನಲ್ಲಿ ಪಾಠ ಮಾಡಿ, ಯಾರು ಬಂದರು ಯಾರು ಬರಲಿಲ್ಲ ಎಂದು ಲೆಕ್ಕ ಬರೆದಿಡುತ್ತಿದ್ದೆ. ಮಾದಿಗರ ಕೇರಿಯ ಈ ಹುಡುಗಿಯ ಹೆಸರಿನ ಮುಂದೆ ಬರೀ ಸೊನ್ನೆ. ಒಂದು ದಿನ ಊರಲ್ಲಿ ಎದುರಾದಾಗ ಬೈದೆ: ‘ಪಾಠಕ್ಕ ಯಾಕ ಬರವಲ್ಲಿ? ಓದೋದು ಬ್ಯಾಡೇನು?’ ಆಕೆ ನೆಲ ನೋಡುತ್ತ ಹೇಳಿದಳು: ‘ನಾನೂ ಇದ್ದೆರೀ ಸರ. ನನ್ನ ಹೆಸರು ಇದ್ದಿಲ್ಲ ಅಷ್ಟ.’

ಈ ಮಾತನ್ನು ಐದಾರು ವರ್ಷಗಳಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. ಇದ್ದವಳ ಹೆಸರು ಯಾಕೆ ಇರಲಿಲ್ಲ? ಹೆಸರಿದ್ದವರೆಲ್ಲ ನಿಜವಾಗಿ ಇದ್ದರೆ? ಒಂದು ಮಗು ಪಾಠಕ್ಕೆ ಹಾಜರಾಗುವುದು ಯಾರ ಬಲದಿಂದ? ತನ್ನ ಕಿಸೆಯ ಬಲದಿಂದಲೋ, ಸರಕಾರದ ಬಲದಿಂದಲೋ, ಅಥವಾ ಪಕ್ಕದಲ್ಲಿ ಕೂರುವವರ ಬಲದಿಂದಲೋ?

ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದವು. ಬೆಂಗಳೂರಿಗೆ ಗುಳೆ ಹೋಗಿದ್ದ ದೇವದುರ್ಗ, ಮಾನ್ವಿ, ಲಿಂಗಸುಗೂರಿನ ಜನ ಕೆಲಸ ನಿಂತು ಮಕ್ಕಳು ಮರಿ ಕಟ್ಟಿಕೊಂಡು ಊರಿಗೆ ಬಂದರು. ಹಾಸ್ಟೆಲುಗಳು ಖಾಲಿಯಾಗಿ ನಮ್ಮ ಹುಡುಗರು ಟ್ರಂಕು ಹೊತ್ತು ಕೇರಿಗೆ ಮರಳಿದರು. ಎಂಟರಿಂದ ಹತ್ತನೆಯ ತರಗತಿಯವರಿಗೆ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಶುರುವಾಯಿತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಆ ಯೋಜನೆಯಲ್ಲಿ ಮಾಸ್ತರರು ಮಕ್ಕಳನ್ನು ಮೂರು ಕಾಲ್ಪನಿಕ ಕೋಣೆಗಳಲ್ಲಿ ಕೂಡಿಸಬೇಕಾಗಿತ್ತು. ಇಂಟರ್‌ನೆಟ್ ಇರುವ ಫೋನು, ಕಂಪ್ಯೂಟರ್ ಇದ್ದವರು ಒಂದು ಕೋಣೆ. ಇಂಟರ್‌ನೆಟ್ ಇಲ್ಲದ ಸಾದಾ ಫೋನಿನವರು ಇನ್ನೊಂದು ಕೋಣೆ. ಏನೂ ಇಲ್ಲದವರು ಮತ್ತೊಂದು ಕೋಣೆ. ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಮಕ್ಕಳನ್ನು ಸೇರಿಸಿ ಪಾಠ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಎರಡನೆಯ ಅಲೆಯಲ್ಲಿ ಮತ್ತೆ ಬಾಗಿಲು ಮುಚ್ಚಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಶಾಲೆಯ ಒಳಗೆ ಕಾಲಿಟ್ಟದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷದ ಮೇಲೆ.

ಆ ಮೂರು ಕೋಣೆಯ ಪಟ್ಟಿ ಬರೆದವನು ನಾನೇ. ಬರೆಯುವಾಗ ಕೈ ನಡುಗಲಿಲ್ಲ. ಬರೆದು ಮುಗಿದ ಮೇಲೆ ನೋಡಿದೆ. ಏನೂ ಇಲ್ಲದವರ ಕೋಣೆಯಲ್ಲಿ ಯಾವ ಯಾವ ಕೇರಿಯ ಹೆಸರುಗಳಿವೆ ಎಂದು ಇಲ್ಲಿ ಹೇಳಬೇಕಾಗಿಲ್ಲ, ಓದುಗರಿಗೆ ಗೊತ್ತು. ಫೋನಿನ ಲೆಕ್ಕ ಹಾಕಲು ಹೋದರೆ ಊರಿನ ಹಳೆಯ ನಕಾಶೆಯೇ ಕಾಗದದ ಮೇಲೆ ಮೂಡಿತ್ತು.

ಆದರೆ ನಾನು ಹೇಳಹೊರಟಿರುವುದು ಫೋನಿಲ್ಲದ ಬಡತನದ ಕತೆಯನ್ನಷ್ಟೇ ಅಲ್ಲ. ಅದನ್ನು ಬಹಳ ಮಂದಿ ಹೇಳಿದ್ದಾರೆ. 2021ರ ಆಗಸ್ಟ್‌ನಲ್ಲಿ ಜಾನ್ ದ್ರೇಜ್, ರೀತಿಕಾ ಖೇರಾ ಮತ್ತು ಅವರ ಸಂಗಡಿಗರು 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಮನೆಗಳ ಸುಮಾರು 1,400 ಮಕ್ಕಳನ್ನು ಕಂಡು ಬಂದರು. ಕರ್ನಾಟಕವೂ ಅದರಲ್ಲಿತ್ತು. ಹಳ್ಳಿಯ ಮಕ್ಕಳಲ್ಲಿ ದಿನವೂ ಆನ್‌ಲೈನಿನಲ್ಲಿ ಓದುತ್ತಿದ್ದವರು ನೂರಕ್ಕೆ 8. ಹಳ್ಳಿಯ ದಲಿತ, ಆದಿವಾಸಿ ಮಕ್ಕಳಲ್ಲಿ ನೂರಕ್ಕೆ 4. ಈ ಅಂಕಿ ನಮಗೆ ಆಶ್ಚರ್ಯದ್ದಲ್ಲ. ಅದೇ ವರದಿಯ ಇನ್ನೊಂದು ಅಂಕಿ ನನ್ನನ್ನು ತಡೆದು ನಿಲ್ಲಿಸಿತು. ಸ್ಮಾರ್ಟ್‌ಫೋನ್ ಇದ್ದ ಹಳ್ಳಿಯ ಮನೆಗಳಲ್ಲೂ ಸರಿಯಾಗಿ ಆನ್‌ಲೈನ್ ಓದಿದ ಮಕ್ಕಳು ನೂರಕ್ಕೆ 15 ಮಾತ್ರ. ಹಾಗಾದರೆ ಫೋನಿದ್ದ ಉಳಿದ ಮಕ್ಕಳಿಗೆ ಏನು ಕಡಿಮೆಯಾಗಿತ್ತು? ದುಡಿಯಲು ಹೋಗುವ ಅಪ್ಪನ ಜೊತೆ ಫೋನೂ ಹೋಗುತ್ತಿತ್ತು, ಕರೆನ್ಸಿ ಹಾಕಿಸಲು ದುಡ್ಡಿರಲಿಲ್ಲ, ಪಾಠ ತಲೆಗೆ ಹತ್ತಲಿಲ್ಲ. ಇವೆಲ್ಲ ಇದ್ದೇ ಇದ್ದವು. ನನ್ನ ಕಣ್ಣೆದುರಿಗೆ ಇನ್ನೂ ಒಂದು ಕಾರಣ ಇತ್ತು. ಅದು ನನ್ನ ಮನೆಯೊಳಗೇ ಇತ್ತು.

ನನ್ನ ಮಗನನ್ನು 2020ರ ಜೂನ್‌ನಲ್ಲಿ ಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಎಂಟನೆಯ ತರಗತಿಗೆ ಸೇರಿಸಿದ್ದೆ. ಅವನಿಗೆ ಹೊಸ ಫೋನು, ಬೇರೆ ಕೋಣೆ, ಫ್ಯಾನು, ದಿನಕ್ಕೆ ಬೇಕಾದಷ್ಟು ಡೇಟಾ. ಏನು ಕಡಿಮೆ? ಆದರೆ ಅವನು ತನ್ನ ತರಗತಿಯ ಒಬ್ಬನನ್ನೂ ಕಣ್ಣಾರೆ ಕಂಡಿರಲಿಲ್ಲ. ಫೋನು ನನ್ನ ಹೆಸರಿನಲ್ಲಿದ್ದುದರಿಂದ ಪರದೆಯ ಮೇಲೂ ನನ್ನ ಹೆಸರೇ ಬರುತ್ತಿತ್ತು. ಮಾಸ್ತರರು ನನ್ನ ಹೆಸರು ಕೂಗುತ್ತಿದ್ದರು, ಇವನು ‘ಹಾಜರ್’ ಅನ್ನುತ್ತಿದ್ದ, ಕ್ಯಾಮೆರಾ ಮುಚ್ಚಿ ಮಲಗುತ್ತಿದ್ದ. ಆರು ತಿಂಗಳಲ್ಲಿ ಒಂದು ಪ್ರಶ್ನೆ ಕೇಳಲಿಲ್ಲ. ‘ತಿಳೀದಿದ್ರ ಕೇಳಬಾರದೇನು?’ ಅಂದರೆ, ‘ಯಾರು ನಗ್ತಾರೋ ಏನೋ ಯಪ್ಪಾ, ಯಾರೂ ಗೊತ್ತಿಲ್ಲ’ ಎಂದ. ನಗುವವನ ಮುಖ ಗೊತ್ತಿದ್ದರೆ ನಗೆಯನ್ನು ತಡೆದುಕೊಳ್ಳಬಹುದು, ತಿರುಗಿ ನಗಬಹುದು. ಮುಖವಿಲ್ಲದ ನಗೆಗೆ ಮಗು ಹೆದರುತ್ತದೆ. ಅವನ ಹಾಜರಿ ನೂರಕ್ಕೆ ನೂರು ಇತ್ತು. ಅವನು ಮಾತ್ರ ಅಲ್ಲಿ ಇರಲೇ ಇಲ್ಲ.

ಇನ್ನು ಆ ಹುಡುಗಿ. ಆಕೆಗೆ ಪ್ರಾಥಮಿಕ ಶಾಲೆಯಿಂದ ಒಬ್ಬ ಗೆಳತಿ ಇದ್ದಳು, ಊರೊಳಗಿನ ರೈತರ ಮನೆಯವಳು. ಆರು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಪಾಠದ ಹೊತ್ತಿಗೆ ಗೆಳತಿ ಫೋನು ಹಿಡಿದು ಹೊಸ್ತಿಲ ಒಳಗೆ ಕೂರುತ್ತಿದ್ದಳು. ಈಕೆ ಹೊರಗೆ ಕಟ್ಟೆಯ ಮೇಲೆ. ಇವಳಿಗೆ ಕೇಳಲೆಂದು ಗೆಳತಿ ದನಿ ಜೋರು ಮಾಡುತ್ತಿದ್ದಳು, ನಡುವೆ ಫೋನು ತಿರುಗಿಸಿ ಬೋರ್ಡು ತೋರಿಸುತ್ತಿದ್ದಳು. ಕೇಳಿ ಬರೆದುಕೊಂಡದ್ದನ್ನು ಈಕೆ ಸಂಜೆ ಕೇರಿಗೆ ಒಯ್ದು ಏಳೆಂಟು ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ರಾಯಚೂರು ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಅಕ್ಷರ ಬಲ್ಲವರು ನೂರಕ್ಕೆ 60 ಕೂಡ ಇಲ್ಲ. ಅಪ್ಪ ಅವ್ವ ಓದದ ಮನೆಯಲ್ಲಿ ಮಗುವಿಗೆ ಎರಡನೆಯ ಮಾಸ್ತರ ಎಂದರೆ ಪಕ್ಕದಲ್ಲಿ ಕೂರುವ ಮಗುವೇ. ಹೀಗೆ ಒಂದು ಫೋನಿನಿಂದ ಹತ್ತು ಮಕ್ಕಳು ಕಲಿತವು. ನನ್ನ ಲೆಕ್ಕದಲ್ಲಿ ಹಾಜರಿ ಒಂದೇ.

ಫೋನಿದ್ದ ನನ್ನ ಮಗ ಗೈರುಹಾಜರಿ, ಫೋನಿಲ್ಲದ ಆ ಹುಡುಗಿ ಹಾಜರು. ವ್ಯತ್ಯಾಸ ಎಲ್ಲಿತ್ತು? ಬೆಂಚಿನಲ್ಲಿ ಇತ್ತು. ಪರದೆಯ ಮೇಲಿನ ಪಾಠಕ್ಕೆ ಮಗು ಬರುತ್ತದೋ ಇಲ್ಲವೋ ಎಂಬುದನ್ನು ಪರದೆಯ ಆಚೆ ಇದ್ದ ಸಂಬಂಧ ನಿರ್ಧರಿಸುತ್ತಿತ್ತು. ‘ಇವತ್ತು ಎಷ್ಟ ಗಂಟೆಗೆ ಪಾಠ?’ ಎಂದು ಕೇಳಲು ಒಬ್ಬರು ಬೇಕು. ‘ಅವರು ಹೇಳಿದ್ದು ನಿನಗ ತಿಳೀತೇನು?’ ಎಂದು ಕೇಳಲು ಒಬ್ಬರು ಬೇಕು. ‘ನೀ ಬರದಿದ್ರ ನಾನೂ ಬರಂಗಿಲ್ಲ’ ಎನ್ನಲು ಒಬ್ಬರು ಬೇಕು. ಇವರಿಲ್ಲದ ಕಡೆ ಎಂಥ ಫೋನು ಕೊಟ್ಟರೂ ಅದು ಹೊಳೆಯುವ ಗಾಜು ಅಷ್ಟೇ.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಸುಂದರ ಗೆಳೆತನದ ಕತೆಯಾಗಿ ಮುಗಿಯುತ್ತದೆ. ನಾವು ಅಷ್ಟು ಸುಲಭವಾಗಿ ಸಮಾಧಾನ ಪಡುವವರಲ್ಲ. ಕಟ್ಟೆಗೂ ಹೊಸ್ತಿಲಿಗೂ ನಡುವೆ ಮೂರು ಮೊಳ ಜಾಗ ಇತ್ತಲ್ಲ, ಅದನ್ನು ನೋಡಬೇಕು. ಆ ಮನೆಯ ಮುದುಕಿ ಕೆಟ್ಟವಳಲ್ಲ. ‘ಹೊರಗ ಕುಂದ್ರವ್ವ, ಗಾಳಿ ಬರ್ತೈತಿ. ರೋಗದ ಕಾಲ, ದೂರ ಇರಬೇಕು ನೋಡು’ ಎನ್ನುತ್ತಿದ್ದಳು. ರೋಗ ಬಂದದ್ದು ಆ ವರ್ಷ. ಆ ಹುಡುಗಿ ಹೊರಗೆ ಕೂತದ್ದು ಆ ವರ್ಷವೇ ಮೊದಲಲ್ಲ. ‘ಸಾಮಾಜಿಕ ಅಂತರ’ ಎಂಬ ಮಾತನ್ನು ಸರಕಾರ ಗೋಡೆಯ ಮೇಲೆ ಬರೆಸಿದಾಗ ನಮ್ಮ ಕೇರಿಯ ಹಿರಿಯರು ನಕ್ಕರು. ಹೊಸದೇನು ಕಲಿಸಿದರಪ್ಪ ಎಂದು.

ಇನ್ನೊಂದು ಸಂಗತಿ ತಡವಾಗಿ ತಿಳಿಯಿತು. ಹತ್ತಿ ಬಿಡಿಸುವ ಕಾಲದಲ್ಲಿ ಹುಡುಗಿಯ ತಾಯಿ ಆ ಮನೆಯ ಹೊಲಕ್ಕೆ ಎರಡು ದಿನ ಕೂಲಿಯಿಲ್ಲದೆ ಹೋಗಿ ಬಂದಿದ್ದಳು. ಯಾರೂ ಕರೆದಿರಲಿಲ್ಲ, ಕೇಳಿಯೂ ಇರಲಿಲ್ಲ. ‘ದಿನಾ ಅವರ ಫೋನಿನಾಗ ಓದ್ತಾಳ ಸರ, ಸುಮ್ಮಕ ಇರಾಕ ಆಗ್ತದೇನು?’ ಎಂದಳು. ಗೆಳತಿಗೆ ಇದು ಗೊತ್ತೇ ಇಲ್ಲ. ಅವಳು ಕೊಟ್ಟದ್ದು ಸ್ನೇಹ. ಹೊಸ್ತಿಲು ದಾಟಿ ಕಟ್ಟೆಗೆ ಬರುವಷ್ಟರಲ್ಲಿ ಅದು ಉಪಕಾರವಾಗಿತ್ತು. ಕೇರಿಗೆ ಬರುವಷ್ಟರಲ್ಲಿ ಋಣವಾಗಿತ್ತು. ಋಣಕ್ಕೆ ಬಡ್ಡಿ ಕಟ್ಟಿದವಳು ತಾಯಿ. ಹಕ್ಕಿಗೂ ಉಪಕಾರಕ್ಕೂ ಇರುವ ಫರಕು ಇದೇ. ಹಕ್ಕಿಗೆ ಬಡ್ಡಿ ಇಲ್ಲ. ಶಾಲೆಯ ಬೆಂಚಿನ ಮೇಲೆ ಕೂರಲು ಯಾರ ತಾಯಿಯೂ ಯಾರ ಹತ್ತಿಯನ್ನೂ ಬಿಡಿಸಬೇಕಾಗಿಲ್ಲ. ಶಾಲೆ ಮುಚ್ಚಿ ಪಾಠವನ್ನು ಮನೆಮನೆಯ ಫೋನಿಗೆ ಹಾಕಿದ ಗಳಿಗೆಯಲ್ಲಿ, ಹಕ್ಕಾಗಿದ್ದ ಪಾಠವನ್ನು ನಾವು ಮನೆಯ ಯಜಮಾನನ ಮರ್ಜಿಗೆ ಬಿಟ್ಟುಕೊಟ್ಟೆವು.

ಅಂಬೇಡ್ಕರರು 1936ರ ‘ಜಾತಿ ವಿನಾಶ’ದಲ್ಲಿ ಒಂದು ಮುಖ್ಯ ವಿಚಾರ ಮುಂದಿಟ್ಟರು. ಪ್ರಜಾಪ್ರಭುತ್ವ ಎಂದರೆ ಸರಕಾರ ನಡೆಸುವ ಒಂದು ರೀತಿ ಮಾತ್ರವಲ್ಲ, ಮೊದಲಿಗೆ ಅದು ಜನ ಕೂಡಿ ಬಾಳುವ ರೀತಿ ಎಂದು. ಸಮಾಜದ ಒಂದು ಭಾಗದಲ್ಲಿ ಆದದ್ದು ಇನ್ನೊಂದು ಭಾಗಕ್ಕೆ ಹರಿದು ಹೋಗಲು ದಾರಿಗಳು ಇರಬೇಕು ಎಂದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಕಾಲುವೆಯ ಕೊನೆಯವರು. ಮುನಿರಾಬಾದಿನಲ್ಲಿ ನೀರು ಬಿಟ್ಟರು ಎಂದು ಪೇಪರಿನಲ್ಲಿ ಓದುತ್ತೇವೆ. ನೀರು ಗಂಗಾವತಿಯ ಗದ್ದೆಗಳನ್ನು, ಸಿಂಧನೂರಿನ ಕ್ಯಾಂಪುಗಳನ್ನು ದಾಟಿ ಮಾನ್ವಿಗೆ ಬರುವಷ್ಟರಲ್ಲಿ ಕಾಲುವೆಯ ತಳ ಕಾಣುತ್ತಿರುತ್ತದೆ. ಕೊನೆಭಾಗದ ರೈತರು ರಸ್ತೆಗೆ ಇಳಿಯುತ್ತಾರೆ. ಕಾಲುವೆ ಕಾಗದದ ಮೇಲೆ ಕೊನೆಯ ಹೊಲದವರೆಗೂ ಇದೆ. ನೀರು ಮಾತ್ರ ಮೇಲಿನವರ ಕೈ ದಾಟಬೇಕು. ಆನ್‌ಲೈನ್ ಪಾಠವೂ ಹೀಗೆಯೇ ಬಂತು. ಬೆಂಗಳೂರಿನಲ್ಲಿ ಬಿಟ್ಟರು. ಕೇರಿಗೆ ಮುಟ್ಟಿತೋ ಇಲ್ಲವೋ ಎಂದು ಕೇಳುವ ನೀರುಗಂಟಿ ನಾನೇ ಆಗಿದ್ದೆ. ನಾನು ಸೊನ್ನೆ ಬರೆದು ಕೂತಿದ್ದೆ.

ನೀರಿಗೂ ಪಾಠಕ್ಕೂ ಒಂದು ವ್ಯತ್ಯಾಸವಿದೆ. ಮೇಲಿನ ಹೊಲದವನು ನೀರು ಬಿಟ್ಟರೆ ಅವನಿಗೆ ಕಡಿಮೆಯಾಗುತ್ತದೆ. ಪಾಠ ಹಂಚಿದರೆ ಯಾರಿಗೂ ಕಡಿಮೆಯಾಗುವುದಿಲ್ಲ. ಹತ್ತು ಮಕ್ಕಳು ಒಂದು ಫೋನಿನ ಸುತ್ತ ಕೂತರೆ ಖರ್ಚಾಗುವುದು ಒಂದೇ ಫೋನಿನ ಡೇಟಾ. ಆದರೂ ಅದು ಹರಿಯುವುದಿಲ್ಲ. ಹಾಗಾದರೆ ತಡೆದಿರುವುದು ಕೊರತೆಯಲ್ಲ, ಒಡ್ಡು.

ನನಗಿಂತ ಹಿರಿಯರಿಗೆ ಇನ್ನೊಂದು ಕಾಲದ ನೆನಪಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ಇಸ್ರೋದವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ಕಳಿಸಿದರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ, ಬಿಜಾಪುರ ಮತ್ತು ನಮ್ಮ ರಾಯಚೂರು ಜಿಲ್ಲೆಗಳನ್ನು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೆಂಗಳೂರಿನ ಮನೆಗಳಲ್ಲಿ ಟಿ.ವಿ. ಇಲ್ಲದ ಕಾಲದಲ್ಲಿ ರಾಯಚೂರಿನ ಹಳ್ಳಿ ಆಕಾಶದಿಂದ ಪಾಠ ಕೇಳಿತು. ಅದು ತುರ್ತು ಪರಿಸ್ಥಿತಿಯ ಕಾಲ. ಸರಕಾರ ತನ್ನ ಮಾತನ್ನು ಹಳ್ಳಿಗೆ ಮುಟ್ಟಿಸಲು ಆತುರದಲ್ಲಿತ್ತು ಎಂಬುದನ್ನು ಮರೆಯಬೇಕಾಗಿಲ್ಲ. ಆದರೆ ಒಂದು ಮಾತು ಗಮನಿಸಿ. ಊರಿಗೆ ಒಂದೇ ಡಬ್ಬಿ. ಅದನ್ನು ಯಾರ ಮನೆಯ ಪಡಸಾಲೆಯಲ್ಲೂ ಇಡದೆ ಸಾರ್ವಜನಿಕ ಜಾಗದಲ್ಲಿ ಇಡಬೇಕಾಗಿತ್ತು. ನೋಡಬೇಕೆಂದರೆ ಕೂಡಬೇಕಾಗಿತ್ತು. ಕೂಡಿದಾಗ ಯಾರು ಮುಂದೆ, ಯಾರು ಹಿಂದೆ ಎಂಬ ಜಗಳ ಬಯಲಿಗೆ ಬರುತ್ತದೆ. ಬಯಲಿಗೆ ಬಂದ ಜಗಳವನ್ನು ಆಡಬಹುದು, ಗೆಲ್ಲಬಹುದು. 2020ರಲ್ಲಿ ಪಾಠ ಕಿಸೆಯೊಳಗೆ ಬಂತು. ಕಿಸೆಯೊಳಗಿನ ಪಾಠಕ್ಕೆ ಜಗಳವೂ ಇಲ್ಲ. ಹೊರಗೆ ಉಳಿದವನು ತಾನು ಹೊರಗಿದ್ದೇನೆ ಎಂದು ಯಾರಿಗೆ ಕೂಗಿ ಹೇಳಬೇಕು?

ಕೆಲವರು ಏಕಲವ್ಯನನ್ನು ದೂರಶಿಕ್ಷಣದ ಮೊದಲ ವಿದ್ಯಾರ್ಥಿ ಎಂದು ಹೊಗಳುತ್ತಾರೆ. ಗುರು ಎದುರಿಗಿಲ್ಲದೆ, ಮಣ್ಣಿನ ಬೊಂಬೆಯ ಮುಂದೆ ಕಲಿತವನು ಎಂದು. ಸರಿ, ಅವನಿಗೆ ವಿದ್ಯೆ ಬಂತು. ಬೊಂಬೆಯಿಂದ ವಿದ್ಯೆ ಬರಬಹುದು. ಅವನಿಗೆ ಇಲ್ಲದೆ ಹೋದದ್ದು ಸಹಪಾಠಿಗಳು. ಗುರು ಬಂದು ಹೆಬ್ಬೆರಳು ಕೇಳಿದಾಗ ‘ಕೊಡಬ್ಯಾಡಲೇ’ ಎಂದು ಕೈ ಹಿಡಿಯುವ ಒಬ್ಬ ಗೆಳೆಯ ಪಕ್ಕದಲ್ಲಿ ಇರಲಿಲ್ಲ. ಒಂಟಿಯಾಗಿ ಕಲಿತವನ ವಿದ್ಯೆಯನ್ನು ಕಸಿಯುವುದು ಸುಲಭ. ನಮ್ಮ ಚಳವಳಿಯ ಎಷ್ಟೋ ಜನ ಹಾಸ್ಟೆಲಿನಿಂದ ಬಂದವರು. ನಾನು ರಾಯಚೂರಿನ ಹಾಸ್ಟೆಲಿನಲ್ಲಿ ಓದುವಾಗ ಆರು ಹುಡುಗರಿಗೆ ಒಂದು ಗೈಡು. ಒಬ್ಬ ಓದುವುದು, ಐವರು ಕೇಳುವುದು. ಆ ಗೈಡಿನಲ್ಲಿ ಏನಿತ್ತು ಎಂಬುದು ಮರೆತಿದೆ. ಐವರು ಇನ್ನೂ ನೆನಪಿದ್ದಾರೆ, ಕಷ್ಟಕ್ಕೆ ಬರುತ್ತಾರೆ. ನಾವು ಅಲ್ಲಿ ಕಲಿತದ್ದು ಪಾಠವನ್ನೋ, ಪರಸ್ಪರರನ್ನೋ?

ಹಾಗಂತ ಹಳೆಯ ಶಾಲೆಯನ್ನು ಸ್ವರ್ಗ ಎಂದು ಹಾಡಬೇಕಾಗಿಲ್ಲ. ‘ಆನ್‌ಲೈನ್ ಬಂದು ಶಾಲೆಯ ಸಮಾನತೆ ಹಾಳಾಯಿತು’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾವ ಸಮಾನತೆ? ಅಂಬೇಡ್ಕರರು ಗೋಣಿತಟ್ಟು ಹಾಸಿಕೊಂಡು ಬೇರೆ ಕೂತು ಕಲಿತದ್ದು ಶಾಲೆಯಲ್ಲೇ. ಜವಾನ ಬಂದು ನೀರು ಹಾಕುವವರೆಗೆ ಬಾಯಾರಿ ಕೂತದ್ದೂ ಶಾಲೆಯಲ್ಲೇ. ಬಿಸಿಯೂಟ 2002ರಲ್ಲಿ ರಾಯಚೂರೂ ಸೇರಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾದ ಮೇಲೆ, ಅಡುಗೆ ಯಾರು ಮಾಡಿದರೆ ಯಾರು ಉಣ್ಣುತ್ತಾರೆ ಎಂಬ ಪ್ರಶ್ನೆ ಏಳುವುದನ್ನು ನಾವು ಕಂಡಿದ್ದೇವೆ. ಶಾಲೆಯಲ್ಲಿ ಬೆಂಚು ಒಂದಾಗಿದ್ದರೂ ಮನಸ್ಸು ಬೇರೆ ಇದ್ದ ಕಡೆ, ಆನ್‌ಲೈನಿನಲ್ಲಿ ಎಲ್ಲವೂ ಬೇರೆಯಾಯಿತು. ನೆಲದ ಮೇಲೆ ಕಟ್ಟಿದ ಸಂಬಂಧ ಎಷ್ಟಿತ್ತೋ ಅಷ್ಟೇ ಗಾಳಿಯಲ್ಲಿ ಹಾಯಿತು. ಇಲ್ಲದ್ದನ್ನು ಯಾವ ಟವರೂ ಹಾಯಿಸಲಿಲ್ಲ. ‘ಎಲ್ಲರಿಗೂ ಫೋನು ಕೊಟ್ಟುಬಿಡಿ, ಮುಗೀತು’ ಎನ್ನುವವರಿಗೂ ನನ್ನ ಉತ್ತರ ಇದೇ. ಫೋನು ಕೊಡಲಿ, ಕೊಡಲೇಬೇಕು, ಅದು ಕೇರಿಯ ಮಕ್ಕಳ ಬಾಕಿ. ಆದರೆ ಹತ್ತು ಫೋನು ಹಿಡಿದು ಹತ್ತು ಮೂಲೆಯಲ್ಲಿ ಕೂತ ಹತ್ತು ಮಕ್ಕಳು ಒಂದು ತರಗತಿ ಆಗುವುದಿಲ್ಲ.

ಮುಂದೆ ಏನಾಯಿತು ಹೇಳುತ್ತೇನೆ. ಆ ದಿನ ನಾನು ಗೆಳತಿಗೆ ಫೋನು ಮಾಡಿ, ಕೇರಿಯ ಮಕ್ಕಳೂ ನಿನ್ನ ಫೋನಿನಿಂದಲೇ ಕಲಿಯುತ್ತಿದ್ದಾರೆ ಎಂದೆ. ಮೆಚ್ಚಿ ಹೇಳಿದ್ದೆ ಅಷ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ನಮ್ಮನಿ ಬ್ಯಾಡರೀ ಸರ, ಸಾಲಿ ಮೆಟ್ಟಲ ಮೇಲೆ ಕುಂದ್ರತೀವಿ’ ಎಂದಳು. ನಾನು ಹೇಳಿಕೊಟ್ಟದ್ದಲ್ಲ. ಮಾರನೆಯ ದಿನ ಬೀಗ ಹಾಕಿದ ಶಾಲೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಹೊಸ್ತಿಲೂ ಇಲ್ಲ, ಕಟ್ಟೆಯೂ ಇಲ್ಲ. ಕೇರಿಯ ಮಕ್ಕಳು ಬಂದವು, ಊರಿನ ಮೂರ್ನಾಲ್ಕು ಮಕ್ಕಳೂ ಬಂದವು. ಒಂದು ವಾರ ನಡೆಯಿತು. ಆಮೇಲೆ ಆ ಹುಡುಗಿಯ ಅಪ್ಪ ‘ಫೋನ್ ಒಯ್ದು ಊರ ಮುಂದ ಇಡ್ತಿಯೇನು?’ ಎಂದು ಕಸಿದುಕೊಂಡ. ನಾಲ್ಕು ದಿನ ಪಾಠವಿಲ್ಲ. ಐದನೆಯ ದಿನ ಅವಳು ಅತ್ತು ಜಗಳಾಡಿ ಫೋನು ತಂದಳು. ಹೀಗೆ ಬಿಟ್ಟು ಬಿಟ್ಟು ನಡೆಯಿತು. ಇದನ್ನು ಜಯ ಎಂದು ಕರೆಯಲಾರೆ. ಆದರೆ ಹದಿನಾಲ್ಕು ವರ್ಷದ ಇಬ್ಬರು ಹುಡುಗಿಯರು ಉಪಕಾರವನ್ನು ಮತ್ತೆ ಹಕ್ಕಿನ ಜಾಗಕ್ಕೆ, ಶಾಲೆಯ ಮೆಟ್ಟಿಲಿಗೆ, ಎಳೆದು ತಂದಿದ್ದರು. ಪಗಾರ ತೆಗೆದುಕೊಳ್ಳುವ ನನಗೆ ಅದು ಹೊಳೆದಿರಲಿಲ್ಲ.

ಹೊಳೆಯದೆ ಇದ್ದದ್ದು ಅದೊಂದೇ ಅಲ್ಲ. ನನ್ನ ತಮ್ಮನ ಮಗಳು ನಮ್ಮ ಹುಟ್ಟೂರಿನ ಕೇರಿಯಲ್ಲಿದ್ದಾಳೆ, ನನ್ನ ಮಗನ ವಯಸ್ಸಿನವಳು. ಆ ಒಂದೂವರೆ ವರ್ಷ ಅವಳ ಕೈಗೆ ಪಾಠ ಮುಟ್ಟಿತೇ ಎಂದು ನಾನು ಕೇಳಲಿಲ್ಲ. ಮಗನಿಗೆ ಹೊಸ ಫೋನು ತಂದ ದಿನ ಹಳೆಯ ಫೋನು ಕಪಾಟಿನಲ್ಲಿ ಇಟ್ಟೆ. ಅದು ಅಲ್ಲೇ ಇತ್ತು. ಮೇಲಿನ ಹೊಲದವರು ನೀರು ಕಟ್ಟಿದರು ಎಂದು ಭಾಷಣ ಮಾಡುವ ನಾನು, ನನ್ನ ಪಾಲಿಗೆ ಬಂದ ನೀರಿಗೂ ಒಡ್ಡು ಹಾಕಿಕೊಂಡಿದ್ದೆ. ಓದಿ ನೌಕರಿ ಹಿಡಿದು ಪಟ್ಟಣ ಸೇರಿದ ನಮ್ಮಂಥವರು ಈ ಮಾತನ್ನು ನಮ್ಮ ನಮ್ಮಲ್ಲಿ ಆಡಿಕೊಳ್ಳಬೇಕು. ಮಗ ಒಂಟಿಯಾಗಿ ಕೋಣೆಯಲ್ಲಿ ಕೊಳೆತ, ತಂಗಿ ಒಂಟಿಯಾಗಿ ಹತ್ತಿ ಹೊಲಕ್ಕೆ ಹೋದಳು. ಇಬ್ಬರನ್ನೂ ಕೂಡಿಸಿದ್ದರೆ ಇಬ್ಬರೂ ಕಲಿಯುತ್ತಿದ್ದರು.

ಶಾಲೆಗಳು ತೆರೆದು ವರ್ಷಗಳಾದವು. ಆದರೆ ಫೋನಿನ ಪಾಠ ಹೋಗಿಲ್ಲ. ಮನೆಗೆಲಸ ವಾಟ್ಸಪ್ ಗ್ರೂಪಿಗೆ ಬರುತ್ತದೆ, ಪರೀಕ್ಷೆಯ ಕೋಚಿಂಗು ಮೊಬೈಲಿಗೆ ಬರುತ್ತದೆ. ಆದ್ದರಿಂದ ಹಳ್ಳಿಯ ಮಾಸ್ತರ ಗೆಳೆಯರಲ್ಲಿ, ವಿದ್ಯಾರ್ಥಿ ಸಂಗಾತಿಗಳಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಗ್ರೂಪಿಗೆ ಪಾಠ ಹಾಕುವ ಮೊದಲು ಬೆಂಚು ನೋಡಿ. ಯಾರು ಯಾರ ಪಕ್ಕ ಕೂತಿದ್ದಾರೆ, ಯಾರ ಪಕ್ಕ ಯಾರೂ ಕೂತಿಲ್ಲ, ಅದನ್ನು ಮೊದಲು ಸರಿಮಾಡಿ. ಫೋನು ಹಂಚುವ ಪಾಠವನ್ನು ಮನೆಯ ಕಟ್ಟೆಗೆ ಬಿಡದೆ ಶಾಲೆ, ಗ್ರಂಥಾಲಯ, ಪಂಚಾಯಿತಿಯಂಥ ಎಲ್ಲರ ಜಾಗಕ್ಕೆ ತನ್ನಿ. ಗೈರುಹಾಜರಾದ ಮಗುವನ್ನು ಬೈಯುವ ಮೊದಲು ಪಕ್ಕದ ಮಗುವನ್ನು ಕೇಳಿ. ಪಕ್ಕದ ಮಗುವಿಗೆ ಗೊತ್ತಿಲ್ಲದಿದ್ದರೆ ತಪ್ಪು ನಮ್ಮದು.

ಆ ವರ್ಷದ ಲೆಕ್ಕದ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ನಾನು ಬರೆದ ಸೊನ್ನೆಗಳು ಈಗಲೂ ಹಾಗೇ ಇವೆ. ಮುಗಿದ ಪುಸ್ತಕವನ್ನು ತಿದ್ದುವ ಹಾಗಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಆಕೆ ಹಾಜರಿದ್ದಳು. ಆಕೆಯ ಜೊತೆ ಇನ್ನೂ ಎಂಟು ಮಕ್ಕಳು ಹಾಜರಿದ್ದರು. ಆ ದಿನಗಳಲ್ಲಿ ಗೈರುಹಾಜರಾಗಿದ್ದವನು ನಾನು.